ಅಜ್ಜನ ಧಾಟಿ, ನಮ್ಮ ಮೊಬೈಲು



ಈ ವರ್ಷದ ಸ್ನೇಹ ಸಮ್ಮೇಳನದಲ್ಲಿ ಪರದೆಯ ಮೇಲೆ ತೋರಿಸಿದ ಹಾಡಿನ ಚಿತ್ರವನ್ನು ನೀವೆಲ್ಲ ನೋಡಿದ್ದೀರಿ. ಅವತ್ತಿನಿಂದ ಎಷ್ಟೋ ಮಂದಿ ನಮ್ಮನ್ನು ನಿಲ್ಲಿಸಿ "ಹೆಂಗ ಮಾಡಿದ್ರಿ? ಎಷ್ಟ ರೊಕ್ಕ ಆತು?" ಎಂದು ಕೇಳುತ್ತಿದ್ದಾರೆ. ಎಲ್ಲರಿಗೂ ಒಂದೇ ಸಲ ಉತ್ತರ ಕೊಡೋಣ ಎಂದು ಈ ಲೇಖನ ಬರೆದಿದ್ದೇನೆ. ರೊಕ್ಕದ ಲೆಕ್ಕ ಮೊದಲೇ ಹೇಳಿಬಿಡುತ್ತೇನೆ. ಒಂದು ಪೆನ್‌ಡ್ರೈವ್ ಕೊಂಡದ್ದು ಬಿಟ್ಟರೆ ಏನೂ ಖರ್ಚಾಗಲಿಲ್ಲ. ಗುರುಗಳ ಮೊಬೈಲು ಒಂದು, ಗೆಳೆಯನ ಅಣ್ಣನ ಹಳೆಯ ಮೊಬೈಲು ಇನ್ನೊಂದು, ಶಾಲೆಯ ಕಂಪ್ಯೂಟರು, ಅದರೊಳಗೆ ಪುಕ್ಕಟೆ ಸಿಗುವ ಆಡಾಸಿಟಿ ಎಂಬ ಧ್ವನಿ ತಿದ್ದುವ ಸಾಫ್ಟ್‌ವೇರು. ಇಷ್ಟೇ ನಮ್ಮ ಬಂಡವಾಳ. ನಾವು ಏಳು ಜನ ಇದ್ದೆವು.

ನಮ್ಮೂರು ಶಿಗ್ಗಾಂವಿ ತಾಲೂಕಿನದು. ಸಂತ ಶಿಶುನಾಳ ಶರೀಫರ ಶಿಶುವಿನಹಾಳವೂ ಇದೇ ತಾಲೂಕಿನಲ್ಲಿದೆ. 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡ ಶರೀಫಜ್ಜ ಸ್ವಲ್ಪ ಕಾಲ ಕನ್ನಡ ಶಾಲೆಯ ಮಾಸ್ತರರಾಗಿಯೂ ಇದ್ದರು. ಕಳಸದ ಗೋವಿಂದಭಟ್ಟರ ಶಿಷ್ಯರು. ಹಾಗಾಗಿ ಶರೀಫಜ್ಜನ ಪದವನ್ನೇ ಚಿತ್ರ ಮಾಡಬೇಕು ಎಂಬುದರಲ್ಲಿ ನಮ್ಮೊಳಗೆ ಜಗಳ ಇರಲಿಲ್ಲ. ಮನೆಯ ಮಾಳಿಗೆ ಸೋರುವ ಪದವನ್ನು ಆರಿಸಿದೆವು. ಜಗಳ ಬಂದದ್ದು ಯಾರ ದನಿಯಲ್ಲಿ ಎಂಬುದಕ್ಕೆ.

ನಾಲ್ಕು ಜನ "ಅಶ್ವತ್ಥ್ ಹಾಡಿದ್ದ ಐತಲ್ಲ, ಅದನ್ನ ಹಚ್ಚಿ ನಾವು ಬಾಯಿ ಆಡಿಸಿದ್ರ ಆತು" ಎಂದರು. ಮೂರು ಜನ "ನಾವ ಹಾಡೂಣು" ಎಂದರು. ಗುರುಗಳು ಎರಡೂ ಕಡೆಯ ಮಾತು ಕೇಳಿ ಕಾನೂನು ತಿಳಿಸಿದರು. ನಮ್ಮ ದೇಶದಲ್ಲಿ ಹಕ್ಕುಸ್ವಾಮ್ಯದ ಕಾಯ್ದೆ 1957ರದು. ಬರೆದವರು ತೀರಿಕೊಂಡ ಮೇಲೆ 60 ವರ್ಷ ಅವರ ಕೃತಿಗೆ ಹಕ್ಕು ಇರುತ್ತದೆ. ಆ ಲೆಕ್ಕದಲ್ಲಿ ಶರೀಫಜ್ಜನ ಮಾತುಗಳು ಎಂದೋ ಎಲ್ಲರ ಸ್ವತ್ತಾಗಿವೆ. ಆದರೆ ಸಿ. ಅಶ್ವತ್ಥ್ ತೀರಿಕೊಂಡದ್ದು 2009ರಲ್ಲಿ. ಅವರು ಕೂಡಿಸಿದ ಧಾಟಿಗೆ 2069ರ ತನಕ ಹಕ್ಕು ಉಂಟು. ಧ್ವನಿಮುದ್ರಣಕ್ಕೆ ಬೇರೆಯೇ ಹಕ್ಕು, ಅದು ಹೊರಬಂದ ಮೇಲೆ 60 ವರ್ಷ. ಶಾಲೆಯೊಳಗೆ ನಮ್ಮ ತಂದೆ ತಾಯಿಯರ ಮುಂದೆ ಹಾಡಿದರೆ ಕಾಯ್ದೆಯಲ್ಲಿ ರಿಯಾಯಿತಿ ಇದೆ. ಅದನ್ನೇ ಚಿತ್ರಕ್ಕೆ ಕೂಡಿಸಿ ಹೊರಗೆ ಹಂಚುವುದು ಬೇರೆ ಮಾತು. "ಪದ ನಿಮ್ಮದೂ ಹೌದು. ಆದರೆ ದನಿ ನಿಮ್ಮದೇ ಹುಡುಕಬೇಕು" ಎಂದರು ಗುರುಗಳು.

ದನಿ ಎಲ್ಲಿ ಹುಡುಕುವುದು? ನಮಗೆ ಗೊತ್ತಿದ್ದ ಧಾಟಿ ಒಂದೇ, ಅದು ಕ್ಯಾಸೆಟ್ಟಿನಿಂದ ಬಂದದ್ದು. 1990ರಲ್ಲಿ ಟಿ.ಎಸ್. ನಾಗಾಭರಣರ 'ಸಂತ ಶಿಶುನಾಳ ಶರೀಫ' ಸಿನಿಮಾ ಬಂದಿತು, ಅದಕ್ಕೂ ಅಶ್ವತ್ಥರದೇ ಸಂಗೀತ. ಅವರ ದನಿಯಿಂದ ಶರೀಫಜ್ಜ ನಾಡಿನ ಮೂಲೆ ಮೂಲೆಗೆ ತಲುಪಿದರು. ಅದು ದೊಡ್ಡ ಉಪಕಾರ. ಆದರೆ ಅದರ ಜೊತೆಗೆ ಇನ್ನೊಂದು ಸಂಗತಿಯೂ ನಡೆಯಿತು. ಕ್ಯಾಸೆಟ್ಟು ಕೇಳಿ ಕಲಿತ ಮಕ್ಕಳು ಊರ ಭಜನಿ ಮೇಳದ ಧಾಟಿಯನ್ನು ಕಲಿಯಲಿಲ್ಲ. ನಮ್ಮೂರ ಹನುಮಪ್ಪನ ಗುಡಿಯಲ್ಲಿ ಶನಿವಾರದ ಭಜನಿ ಈಗಲೂ ಇದೆ. ಅಲ್ಲಿಯೂ ಹೆಚ್ಚಾಗಿ ಕ್ಯಾಸೆಟ್ಟಿನ ಧಾಟಿಯೇ. ಹಳೆಯ ಧಾಟಿ ಬಲ್ಲವರು ನಾಲ್ವರಿದ್ದರಂತೆ. ಮೂವರು ತೀರಿಕೊಂಡು ಒಬ್ಬರು ಉಳಿದಿದ್ದಾರೆ. ಅವರೇ ನೀವು ಚಿತ್ರದಲ್ಲಿ ನೋಡಿದ ಅಜ್ಜ. ವಯಸ್ಸು 78. ಮೂರು ವರ್ಷದ ಹಿಂದೆ ಎದೆಯ ಬೇನೆ ಬಂದಾಗಿನಿಂದ ಗುಡಿಗೂ ಹೋಗುತ್ತಿರಲಿಲ್ಲ.

ನಾವು ಹೋಗಿ ಕೇಳಿದಾಗ ಅಜ್ಜ ಮೊದಲು ಒಪ್ಪಲಿಲ್ಲ. "ಉಸಿರ ನಿಲ್ಲೂದಿಲ್ಲೋ ತಮ್ಮಾ. ಅರ್ಧಾ ಹಾಡಿ ಕೆಮ್ಮಿದ್ರ ಮಂದಿ ನಗತಾರ" ಎಂದರು. ಆಗ ಅಜ್ಜಿ ಒಳಗಿನಿಂದ, "ಹಾಡ್ರಿ, ನಾಕ ನುಡಿ ಆಗಲಿ. ನಿಮ್ಮ ಕೂಡ ಅದೂ ಮಣ್ಣಾಗಬೇಕೇನು?" ಎಂದರು. ಅಜ್ಜ ತುಸು ಹೊತ್ತು ಸುಮ್ಮನಿದ್ದು, "ಪೇಟಿ ಕರಿ ಎರಡಕ್ಕ ಇಡ್ರಿ" ಎಂದು ಹೇಳಿದರು.

ಇನ್ನು ಕೆಲಸದ ಕ್ರಮ ಹೇಳುತ್ತೇನೆ, ಮುಂದೆ ಮಾಡುವವರಿಗೆ ಉಪಯೋಗ ಆಗಲಿ.

ಚಿತ್ರಕ್ಕಿಂತ ದನಿಯದೇ ಕಷ್ಟ ಹೆಚ್ಚು. ಮಂಜಾದ ಚಿತ್ರವನ್ನು ಜನ ಸಹಿಸುತ್ತಾರೆ, ಗೊಗ್ಗರು ದನಿಯನ್ನು ಸಹಿಸುವುದಿಲ್ಲ. ಅಜ್ಜನ ಮನೆಯ ಪಡಸಾಲೆಯಲ್ಲಿ ದನಿ ಗೋಡೆಗೆ ಬಡಿದು ವಾಪಸ್ ಬರುತ್ತಿತ್ತು. ಅಜ್ಜಿಯ ನಾಲ್ಕು ಕೌದಿಗಳನ್ನು ಹಗ್ಗದ ಮೇಲೆ ಇಳಿಬಿಟ್ಟೆವು. ದಪ್ಪ ಬಟ್ಟೆ ದನಿಯನ್ನು ಹೀರುತ್ತದೆ. ಹಿಟ್ಟಿನ ಗಿರಣಿ ಮಧ್ಯಾಹ್ನ ನಿಲ್ಲುತ್ತದೆ, ಆ ಹೊತ್ತನ್ನೇ ಆರಿಸಿದೆವು. ಮೊಬೈಲುಗಳನ್ನು ಫ್ಲೈಟ್ ಮೋಡಿಗೆ ಹಾಕಿದೆವು, ಇಲ್ಲದಿದ್ದರೆ ನಡುವೆ ಫೋನು ಬಂದು ಎಲ್ಲ ಕೆಡುತ್ತದೆ. ಒಂದು ಮೊಬೈಲು ದೂರ ನಿಂತು ಚಿತ್ರ ತೆಗೆಯಿತು. ಇನ್ನೊಂದನ್ನು ಮಡಚಿದ ಟವೆಲ್ಲಿನ ಮೇಲೆ ಇಟ್ಟು ಅಜ್ಜನ ಹತ್ತಿರದಿಂದ ದನಿ ಮಾತ್ರ ಹಿಡಿದೆವು. ಶುರುವಿಗೆ ಒಬ್ಬ ಗಟ್ಟಿಯಾಗಿ ಒಂದು ಚಪ್ಪಾಳೆ ಹೊಡೆದ. ಕಂಪ್ಯೂಟರಿನಲ್ಲಿ ದನಿಯು ಅಲೆಯ ಗೆರೆಯಾಗಿ ಕಾಣುತ್ತದೆ. ಚಪ್ಪಾಳೆ ಅದರಲ್ಲಿ ಮುಳ್ಳಿನ ಹಾಗೆ ಎದ್ದು ನಿಲ್ಲುತ್ತದೆ. ಎರಡೂ ಮೊಬೈಲಿನ ಮುಳ್ಳು ಒಂದೇ ಜಾಗಕ್ಕೆ ತಂದರೆ ತುಟಿಗೂ ದನಿಗೂ ತಾಳೆ ಆಗುತ್ತದೆ.

ವಿಜ್ಞಾನದ ಪಾಠವೂ ಇಲ್ಲಿ ಉಪಯೋಗಕ್ಕೆ ಬಂತು. ಗಾಳಿಯಲ್ಲಿ ದನಿಯ ವೇಗ ಸೆಕೆಂಡಿಗೆ ಸುಮಾರು 340 ಮೀಟರು. 68 ಮೀಟರು ದೂರದಿಂದ ಚಿತ್ರ ತೆಗೆದರೆ ಆ ಮೊಬೈಲಿಗೆ ದನಿ ಸೆಕೆಂಡಿನ ಐದನೆಯ ಒಂದು ಭಾಗ ತಡವಾಗಿ ಬರುತ್ತದೆ. ಸೆಕೆಂಡಿಗೆ 30 ಚಿತ್ರ ಓಡುವಾಗ ಅದು ಆರು ಚಿತ್ರದಷ್ಟು ತಡ. ತುಟಿ ಮುಂದೆ, ದನಿ ಹಿಂದೆ! ಕೆರೆಯ ಏರಿಯ ಮೇಲಿನ ಸನ್ನಿವೇಶಕ್ಕೆ ಹತ್ತಿರದ ಮೊಬೈಲಿನ ದನಿಯನ್ನೇ ಕೂಡಿಸಿದ್ದು ಅದಕ್ಕೇ.

ಸಿನಿಮಾದವರು ಮೊದಲು ಹಾಡು ಮುದ್ರಿಸಿ, ಆಮೇಲೆ ಅದನ್ನು ಹಚ್ಚಿ ತುಟಿ ಆಡಿಸುತ್ತಾರೆ. ಅಜ್ಜನಿಗೆ ಅದು ಒಗ್ಗಲಿಲ್ಲ. "ಹಾಡೂದಂದ್ರ ಹಾಡೂದು. ಬಾಯಿ ತಗದು ಸುಮ್ಮ ಕುಂದ್ರೂದು ನನಗ ಬರೂದಿಲ್ಲ" ಎಂದರು. ಅವರು ಎರಡು ಸಲ ಹಾಡಿದರೆ ಎರಡೂ ಒಂದೇ ಅಳತೆ ಇರುವುದಿಲ್ಲ. ಒಮ್ಮೆ ಒಂದು ನುಡಿಯ ಮೇಲೆ ನಿಲ್ಲುತ್ತಾರೆ, ಇನ್ನೊಮ್ಮೆ ದಾಟಿ ಹೋಗುತ್ತಾರೆ. ಆದ್ದರಿಂದ ಒಂದೇ ಸಲ ಪೂರ್ತಿ ಹಾಡಿದ್ದನ್ನು ಹಾಗೆಯೇ ಇಟ್ಟುಕೊಂಡು, ಅದರ ಮೇಲೆ ಬೇರೆ ಬೇರೆ ಚಿತ್ರ ಜೋಡಿಸಿದೆವು: ತಾಳ, ದಮ್ಮಡಿಯ ಮೇಲಿನ ಬೆರಳು, ಜಂತಿ, ಗೋಡೆಯ ಮೇಲಿನ ನೀರಿನ ಗೆರೆ.

ಮಾಳಿಗೆ ಮನೆ ಹುಡುಕುವ ಕಷ್ಟ ಬರಲಿಲ್ಲ. ಮಳೆ ಹೆಚ್ಚಿನ ಹಾನಗಲ್ಲ ಕಡೆ ಹಂಚಿನ ಮನೆ ಹೆಚ್ಚು. ನಮ್ಮ ಕಡೆ ಮತ್ತು ಸವಣೂರ ಕಡೆ ಮಣ್ಣಿನ ಮಾಳಿಗೆಯ ಮನೆಗಳು ಇನ್ನೂ ಅಲ್ಲೊಂದು ಇಲ್ಲೊಂದು ಉಳಿದಿವೆ, ಅಜ್ಜನದೂ ಅಂಥದೇ. ಆದರೆ ನಾವು ಚಿತ್ರ ತೆಗೆದದ್ದು ಡಿಸೆಂಬರಿನಲ್ಲಿ, ಮಳೆ ಎಲ್ಲಿಂದ ಬರಬೇಕು? ಏಣಿ ಹತ್ತಿ ಒದ್ದೆ ಬಟ್ಟೆ ಹಿಂಡಿ ಹನಿ ಬೀಳಿಸೋಣ ಎಂದು ಮಾತಾಡುತ್ತಿದ್ದೆವು. ಅಷ್ಟರಲ್ಲಿ ಅಜ್ಜಿ ಯಾರೂ ಹೇಳದೆ ತಂಬಿಗೆ, ಬೋಗುಣಿ, ಪರಾತ ಎಲ್ಲ ಸೇರಿ ಆರು ಪಾತ್ರೆ ತಂದು ಆರು ಕಡೆ ಇಟ್ಟರು. "ಇಲ್ಲಿ, ಇಲ್ಲಿ, ಮತ್ತ ಆ ಕಂಬದ ಬಾಜೂಕ. ನಲವತ್ತ ವರ್ಷ ಇಟ್ಟೇನಿ, ಗೊತ್ತಿಲ್ಲೇನು?" ಎಂದರು. ಪದದೊಳಗಿನ ಮಾಳಿಗೆಗೆ ಒಳ ಅರ್ಥ ಬೇರೆ ಇದೆ ಎಂದು ಗುರುಗಳು ತರಗತಿಯಲ್ಲಿ ವಿವರಿಸಿದ್ದರು. ಆ ಆರು ಪಾತ್ರೆ ಕಂಡಾಗ ಹೊರಗಿನ ಅರ್ಥವೂ ಎಷ್ಟು ಭಾರ ಎಂದು ತಿಳಿಯಿತು. ಹನಿ ಬೀಳುವುದನ್ನು ಸೆಕೆಂಡಿಗೆ 120 ಚಿತ್ರದಂತೆ ತೆಗೆದು 30ರಂತೆ ಓಡಿಸಿದೆವು. ಹಾಗಾಗಿ ಹನಿ ನಾಲ್ಕು ಪಟ್ಟು ನಿಧಾನವಾಗಿ ಬಿತ್ತು.

ಕಂಪ್ಯೂಟರಿನ ಮುಂದೆ ಕುಳಿತಾಗ ಎರಡು ಪ್ರಶ್ನೆ ಬಂದವು. ಮೊದಲನೆಯದು ಕೆಮ್ಮು ಮತ್ತು ಏದುಸಿರು. ಆಡಾಸಿಟಿಯಲ್ಲಿ ಹಾಡಿಲ್ಲದ ಒಂದು ತುಣುಕು ಗುರುತು ಮಾಡಿ ತೋರಿಸಿದರೆ, ಅದರಲ್ಲಿನ ಗೊರಗೊರ ಸಪ್ಪಳವನ್ನು ಇಡೀ ಹಾಡಿನಿಂದ ಕಳೆಯುತ್ತದೆ. ಅತಿಯಾಗಿ ಕಳೆದರೆ ಹಾಡುವವರು ನೀರೊಳಗೆ ಮುಳುಗಿದ ಹಾಗೆ ಕೇಳುತ್ತದೆ. ಸ್ವಲ್ಪ ಮಾತ್ರ ಕಳೆದೆವು. ಅಜ್ಜ ಹೆದರಿದ್ದ ಕೆಮ್ಮನ್ನು ತೆಗೆದೆವು, ಉಸಿರನ್ನು ಉಳಿಸಿದೆವು.

ಎರಡನೆಯದು ದೊಡ್ಡ ಪ್ರಶ್ನೆ. ಮೂರನೆಯ ನುಡಿಯಲ್ಲಿ ಅಜ್ಜನ ಸ್ವರ ಒಂದು ಕಡೆ ಕೆಳಗೆ ಜಾರುತ್ತದೆ. ಸ್ವರ ಸರಿಮಾಡುವ ಸಾಧನದಲ್ಲಿ ಹಾಕಿದಾಗ ಅದು ಆ ಸ್ವರವನ್ನು ಮೇಲೆತ್ತಿ ಪಕ್ಕದ ಮನೆಗೆ ಕೂಡಿಸಿತು. ಕೇಳಲು ನುಣುಪಾಗಿತ್ತು. ಇಟ್ಟುಕೊಳ್ಳೋಣ ಎಂದು ಕೆಲವರು, ಅಜ್ಜನನ್ನು ಕೇಳೋಣ ಎಂದು ಕೆಲವರು. ಎರಡನ್ನೂ ಮೊಬೈಲಿಗೆ ಹಾಕಿಕೊಂಡು ಹೋಗಿ ಕೇಳಿಸಿದೆವು. ಅಜ್ಜ ಎರಡನೆಯದನ್ನು ಕೇಳಿ, "ಇದನ್ನ ಯಾರ ಹಾಡಿದ್ರು?" ಎಂದರು. ನೀವೇ ಎಂದೆವು. "ಅಲ್ಲಿ ಸ್ವರ ಇಳೀಬೇಕು. ಇಳೀಲಿಲ್ಲಂದ್ರ ಮಾಳಿಗಿ ಕುಸ್ಯೂದು ಕೇಳಿದಾವ್ರಿಗೆ ಹೆಂಗ ತಿಳೀಬೇಕು? ನಮ್ಮಪ್ಪ ಹಂಗ ಕಲಿಸ್ಯಾನ" ಎಂದರು. ಯಂತ್ರ ತಪ್ಪೆಂದು ತಿದ್ದಿದ್ದೇ ಆ ಧಾಟಿಯ ಜೀವ. ತಿದ್ದಿದ್ದನ್ನು ಅಳಿಸಿ ಮೊದಲಿನದನ್ನೇ ಇಟ್ಟೆವು. ಸಾಧನಕ್ಕೆ ಪೇಟಿಯ ಮನೆಗಳು ಗೊತ್ತು, ನಮ್ಮೂರು ಗೊತ್ತಿಲ್ಲ. ಎಲ್ಲಿ ತಿದ್ದಬೇಕು, ಎಲ್ಲಿ ಕೈ ಹಚ್ಚಬಾರದು ಎಂಬುದನ್ನು ಹಾಡಿದವರನ್ನೇ ಕೇಳಬೇಕು.

ಅವತ್ತೇ ಅಜ್ಜ ಪೂರ್ತಿ ಹಾಡನ್ನು ಕೇಳಿದ್ದು. ತಮ್ಮ ದನಿಯನ್ನು ಹೊರಗಿನಿಂದ ಅವರು ಅದುವರೆಗೆ ಕೇಳಿರಲೇ ಇಲ್ಲ. ಕಣ್ಣು ಮುಚ್ಚಿ ಕೇಳಿ, "ಇದು ನಂದಲ್ಲ, ನಮ್ಮಪ್ಪನ ದನಿ" ಎಂದರು. ನಾವು ಹಾಡುವಾಗ ನಮ್ಮ ದನಿ ಗಾಳಿಯಿಂದಲೂ ತಲೆಯ ಎಲುಬಿನಿಂದಲೂ ಕಿವಿಗೆ ಬರುತ್ತದೆ, ಮುದ್ರಣದಲ್ಲಿ ಗಾಳಿಯದು ಮಾತ್ರ, ಅದಕ್ಕೇ ಬೇರೆಯವರ ದನಿಯಂತೆ ಕೇಳುತ್ತದೆ ಎಂದು ಗುರುಗಳು ಆಮೇಲೆ ನಮಗೆ ಹೇಳಿದರು. ಅಜ್ಜನಿಗೆ ಅದನ್ನು ಯಾರೂ ಹೇಳಲಿಲ್ಲ.

ಹಾಡು ಎಂಟು ನಿಮಿಷ 40 ಸೆಕೆಂಡು ಇತ್ತು. ಸಮ್ಮೇಳನದಲ್ಲಿ ನಮಗೆ ಕೊಟ್ಟ ಹೊತ್ತು ನಾಲ್ಕು ನಿಮಿಷ. ಕತ್ತರಿಸಲು ಮನಸ್ಸು ಬರಲಿಲ್ಲ. ಆಗ ಗುರುಗಳು ಗಂಗೂಬಾಯಿ ಹಾನಗಲ್ಲರ (1913-2009) ವಿಷಯ ಹೇಳಿದರು. ಹೆಸರಿನೊಳಗೇ ನಮ್ಮ ಪಕ್ಕದ ತಾಲೂಕನ್ನು ಹೊತ್ತ ಆ ತಾಯಿ 1930ರ ದಶಕದಲ್ಲಿ ಎಚ್‌ಎಂವಿ ಕಂಪನಿಗೆ ಹಾಡಿದಾಗ ತಟ್ಟೆಯ ಒಂದು ಬದಿಗೆ ಹಿಡಿಯುತ್ತಿದ್ದುದು ಮೂರು ನಿಮಿಷದ ಆಸುಪಾಸು. ತಟ್ಟೆ ನಿಮಿಷಕ್ಕೆ 78 ಸುತ್ತು ತಿರುಗುತ್ತಿತ್ತು. ಗಂಟೆಗಟ್ಟಲೆ ಹಾಡುವ ರಾಗವನ್ನು ಅಷ್ಟರಲ್ಲೇ ಕೂಡಿಸಬೇಕು. ಉಳಿದದ್ದು ಆ ತಟ್ಟೆಯಲ್ಲಿ ಇಲ್ಲವೇ ಇಲ್ಲ. ನಮಗೆ ಆ ಬಡತನ ಇಲ್ಲ. ಸಭೆಗೆ ನಾಲ್ಕು ನಿಮಿಷದ್ದು ಮಾಡಿದೆವು. ಪೂರ್ತಿ ಹಾಡನ್ನು ಕತ್ತರಿಸದೆ ಶಾಲೆಯ ಕಂಪ್ಯೂಟರು, ಪೆನ್‌ಡ್ರೈವು, ಅಜ್ಜನ ಮೊಮ್ಮಗನ ಮೊಬೈಲು ಹೀಗೆ ಮೂರು ಕಡೆ ಇಟ್ಟೆವು.

ಇನ್ನೊಂದು ಮಾತು. ಚಿತ್ರದಲ್ಲಿ ಅಜ್ಜನ ಹಿಂದೆ ಹುಡುಗಿಯೊಬ್ಬಳ ದನಿ ಕೇಳುತ್ತದೆ, ತಾಳ ಹಾಕುವ ಕೈ ಕಾಣುತ್ತದೆ, ಮುಖ ಕಾಣುವುದಿಲ್ಲ. ಯಾಕೆ ಎಂದು ಬಹಳ ಮಂದಿ ಕೇಳಿದಿರಿ. ಅಕ್ಕೋರು ಒಪ್ಪಿಗೆ ಕೇಳಲು ಅವರ ಮನೆಗೆ ಹೋದಾಗ ಅವಳ ತಾಯಿ, "ಹಾಡಲಿ ಅಕ್ಕೋರ, ಬ್ಯಾಡ ಅನ್ನೂದಿಲ್ಲ. ಆದ್ರ ಮಕ ಮೊಬೈಲಿನ್ಯಾಗ ಊರೂರು ತಿರಗೂದು ಬ್ಯಾಡ" ಎಂದರು. ಆ ಮಾತಿಗೆ ಮರ್ಯಾದೆ ಕೊಟ್ಟೆವು. ನಮ್ಮ ತಂಡದಲ್ಲಿ ಎಲ್ಲರಿಗಿಂತ ಚೆನ್ನಾಗಿ ಆ ಧಾಟಿ ಹಿಡಿದವಳು ಅವಳೇ. ಕೊನೆಯಲ್ಲಿ ಬರುವ ಹೆಸರುಗಳಲ್ಲಿ ಅಜ್ಜನ ಹೆಸರಿನ ಕೆಳಗೆ ಅವಳ ಹೆಸರು ಬಂತು. ಅವರ ತಾಯಿ ಸಮ್ಮೇಳನಕ್ಕೆ ಬಂದು ಮುಂದಿನ ಸಾಲಿನಲ್ಲೇ ಕುಳಿತು ನೋಡಿದರು. ಚಿತ್ರವನ್ನು ಯೂಟ್ಯೂಬಿಗೆ ಹಾಕಿಲ್ಲ. ಬೇಕಾದವರು ಶಾಲೆಗೆ ಬಂದು ನೋಡಬಹುದು.

ಪ್ರಿಯ ಗೆಳೆಯ ಗೆಳತಿಯರೇ, ಅಜ್ಜನಿಗೆ ಹಳೆಯ ಧಾಟಿಯ ಹನ್ನೊಂದು ಪದ ಬರುತ್ತವೆ. ಇದುವರೆಗೆ ನಾಲ್ಕು ಮುದ್ರಿಸಿದ್ದೇವೆ. ಇನ್ನು ಏಳು ಉಳಿದಿವೆ. ನಮಗೆ ಮಾರ್ಚಿನಲ್ಲಿ ಪರೀಕ್ಷೆ, ಆಮೇಲೆ ನಾವು ಈ ಶಾಲೆ ಬಿಡುತ್ತೇವೆ. ಎಂಟು ಮತ್ತು ಒಂಬತ್ತನೇ ತರಗತಿಯವರು ಮುಂದೆ ಬರಬೇಕು. ಕೌದಿ ಕಟ್ಟುವುದರಿಂದ ಹಿಡಿದು ಎಲ್ಲ ತೋರಿಸಿಕೊಡುತ್ತೇವೆ. ಅಜ್ಜನಿಗೆ ಬೆಳಗಿನ ಹೊತ್ತು ಉಸಿರು ಚೆನ್ನಾಗಿ ನಿಲ್ಲುತ್ತದೆ, ಒಂದು ದಿನಕ್ಕೆ ಒಂದೇ ಪದ ಕೇಳಿರಿ.

ರಜೆಗೆ ಹಾನಗಲ್ಲ, ಸವಣೂರ, ಹಿರೇಕೆರೂರ ಕಡೆಯ ಅಜ್ಜಿ ಮನೆಗೆ ಹೋಗುವವರು ಅಲ್ಲಿಯೂ ಕೇಳಿ ನೋಡಿರಿ. ಪಂಚಾಕ್ಷರಿ ಗವಾಯಿಗಳು 1892ರಲ್ಲಿ ಹುಟ್ಟಿದ್ದು ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ. ಕಣ್ಣು ಇಲ್ಲದ ಅವರು ಕಿವಿಯಿಂದಲೇ ಕಲಿತು ನಾಡಿಗೆ ಸಂಗೀತ ಕೊಟ್ಟರು. ನಮಗೆ ಕಣ್ಣು, ಕಿವಿ, ಮೇಲೆ ಮೊಬೈಲು ಬೇರೆ ಇದೆ. ಬೀಸುವ ಪದವೋ, ಸೋಬಾನೆಯೋ, ಸರ್ವಜ್ಞನ ತ್ರಿಪದಿಯನ್ನು ಹಾಡುವ ರೀತಿಯೋ, ಏನಾದರೂ ಒಂದು ಇದ್ದೇ ಇರುತ್ತದೆ. ಮೊದಲು ಅವರ ಒಪ್ಪಿಗೆ ಕೇಳಿರಿ, ಆಮೇಲೆ ಮೊಬೈಲು ತೆಗೆಯಿರಿ. ಮುಗಿದ ಮೇಲೆ ಅವರಿಗೇ ಮೊದಲು ಕೇಳಿಸಿರಿ.

— 10ನೇ ತರಗತಿ, ಹಾಡಿನ ಚಿತ್ರ ತಂಡದ ಪರವಾಗಿ