ಗುರುತು ಹಾಕಿ ಬಿಚ್ಚಿದ ಚಕ್ರ

ಕಾಪುವಿನ ಬಂಡೆಯ ಮೇಲಿನ ದೀಪಸ್ತಂಭ 1901ರಿಂದ ಹಡಗುಗಳಿಗೆ ದಾರಿ ತೋರುತ್ತಿದೆ. ಅದರ ಸುತ್ತ ಬೀಸುವ ಉಪ್ಪುಗಾಳಿಗೆ ಮಾತ್ರ ಕಬ್ಬಿಣ ಕಂಡರಾಗದು. ಕಡಲ ಬದಿಯ ಮನೆಯಂಗಳದಲ್ಲಿ ನಿಂತ ಹಳೆಯ ಅಂಬಾಸಿಡರ್ ಕಾರುಗಳ ಮೈ ನೋಡಿದರೆ ಇದು ತಿಳಿಯುತ್ತದೆ.

ಅಂಥದೊಂದು ಕಾರು ಹಿಂದೆ ಬಾಡಿಗೆಗೆ ಓಡುತ್ತಿತ್ತು. ಮದುಮಕ್ಕಳನ್ನೂ ಬಾಣಂತಿಯರನ್ನೂ ಹೊತ್ತದ್ದು. ಬಿಸಿಲಿಗೆ ಅದರ ಸ್ಟಿಯರಿಂಗ್ ಚಕ್ರ ಬಿರುಕುಬಿಟ್ಟು, ಯಜಮಾನರು ಸೈಕಲ್ ಟ್ಯೂಬು ಸುತ್ತಿ ಓಡಿಸುತ್ತಿದ್ದರು. ಉತ್ತರಪಾರಾದ ಕಾರ್ಖಾನೆಯಲ್ಲಿ 2014ರಲ್ಲಿ ಅಂಬಾಸಿಡರ್ ತಯಾರಿಕೆಯೇ ನಿಂತಿತು. ಹೊಸ ಬಿಡಿಭಾಗ ಸಿಗುವುದು ಕಷ್ಟ. "ಗುಜರಿಗೆ ಕೊಟ್ಟುಬಿಡಿ" ಎಂದು ಮಕ್ಕಳು ಹಟ ಹಿಡಿದರು. ಅಷ್ಟರಲ್ಲಿ ಗುಜರಿಯಲ್ಲೇ, ಅದೇ ಮಾದರಿಯ ಕಾರಿನ ಗಟ್ಟಿಮುಟ್ಟಾದ ಚಕ್ರವೊಂದು ಅವರಿಗೆ ಸಿಕ್ಕಿತು!

ಕಾಪುವಿನಿಂದ ಹೆದ್ದಾರಿ ಹಿಡಿದು ಉಡುಪಿಗೆ ಬಂದವರು ಮೊದಲು ರಥಬೀದಿಗೆ ಹೋಗಿ ಕೃಷ್ಣನಿಗೆ ಕೈಮುಗಿದರು. ಅಲ್ಲಿ ಓಡುವ ತೇರಿಗೆ ಸ್ಟಿಯರಿಂಗ್ ಎಲ್ಲಿದೆ? ಮುಂದೆ ಹಗ್ಗದ ಸೆಳೆತ, ಗಾಲಿಯಡಿಯಲ್ಲಿ ಮರದ ತುಂಡು, ಇಷ್ಟರಲ್ಲೇ ಅದನ್ನು ತಿರುಗಿಸಬೇಕು. ನೂರಾರು ಕೈಗಳ ಆ ಕೆಲಸವನ್ನು ಕಾರಿನಲ್ಲಿ ಎರಡೇ ಕೈ ಮಾಡುತ್ತವೆ. ಚಕ್ರದ ವ್ಯಾಸ 40 ಸೆಂಟಿಮೀಟರ್, ಅದನ್ನು ಹೊತ್ತ ದಂಡದ್ದು 2 ಎಂದಿಟ್ಟುಕೊಂಡರೆ, ಅಂಚಿನಲ್ಲಿ ಕೊಟ್ಟ ಬಲ ದಂಡದ ಮೈಯಲ್ಲಿ 20 ಪಟ್ಟಾಗುತ್ತದೆ. ಇಷ್ಟು ಬಲವನ್ನು ತಾಳಿಕೊಳ್ಳುವುದು ದಂಡದ ತುದಿಯ ಸಣ್ಣ ಹಲ್ಲುಗಳು ಮತ್ತು ಒಂದೇ ಒಂದು ನಟ್ಟು.

ಏರು ಹತ್ತಿದರೆ ಮಣಿಪಾಲ. ಗ್ಯಾರೇಜಿನ ಹುಡುಗ ಸುತ್ತಿಗೆ ಹಿಡಿದೇ ಬಂದ. "ಎಂತ ಮಾರಾಯ, ಗುರುತು ಹಾಕಿದ್ದೀಯಾ?" ಎಂದು ಮೆಕ್ಯಾನಿಕ್ ತಡೆದರು. ಕೆಲಸಕ್ಕೂ ಒಂದು ಕ್ರಮವುಂಟು. ಮುಂದಿನ ಗಾಲಿಗಳನ್ನು ನೇರ ನಿಲ್ಲಿಸಬೇಕು. ಬ್ಯಾಟರಿಯ ತಂತಿ ಕಳಚಬೇಕು. ನಡುವಿನ ಹಾರ್ನ್ ಬಟನ್ ತೆಗೆದು, ಅದರ ತಂತಿಯನ್ನು ಹರಿಯದಂತೆ ಬಿಡಿಸಬೇಕು. ಬಳಿಕ ದಂಡಕ್ಕೂ ಚಕ್ರದ ನಡುಗುಂಬಕ್ಕೂ ಸೇರುವಂತೆ ಒಂದು ಗೆರೆ ಎಳೆಯಬೇಕು. ಹಲ್ಲು 36 ಇದ್ದರೆ ಒಂದು ಹಲ್ಲು ತಪ್ಪಿದರೂ ಚಕ್ರ 10 ಡಿಗ್ರಿ ಓರೆ!

ನಟ್ಟನ್ನು ಸಡಿಲಿಸಬೇಕು, ಪೂರ್ತಿ ತೆಗೆಯಬಾರದು. ತುಕ್ಕು ಹಿಡಿದ ಚಕ್ರ ಒಮ್ಮೆಲೇ ಕಳಚಿದರೆ ಎಳೆಯುವವನ ಮುಖಕ್ಕೇ ಬಡಿಯುತ್ತದೆ. ನಾಲ್ಕು ಸುತ್ತು ಉಳಿದ ನಟ್ಟು ಅದನ್ನು ತಡೆಯುತ್ತದೆ. ಕಾಪುವಿನ ಉಪ್ಪು ಒಳಗೆ ಚೆನ್ನಾಗಿಯೇ ಕೂತಿತ್ತು. ತುಕ್ಕು ಬಿಡಿಸುವ ಎಣ್ಣೆ ಬಿಟ್ಟು, ಚಹಾ ಕುಡಿದು ಬಂದು, ಪುಲ್ಲರ್ ಹಾಕಿ ಮೆಲ್ಲನೆ ಬಿಗಿದಾಗ "ಟಕ್" ಎಂದಿತು. ಸುತ್ತಿಗೆಯಿಂದ ಹೊಡೆದಿದ್ದರೆ ದಂಡದ ತುದಿ ಚಪ್ಪಟೆಯಾಗಿ ಮರೆ ಹಾಳಾಗುತ್ತಿತ್ತು, ಏಟು ಕೆಳಗಿನ ಬೇರಿಂಗಿಗೂ ತಾಗುತ್ತಿತ್ತು. ಆಗ ಹತ್ತು ನಿಮಿಷದ ಅವಸರಕ್ಕೆ ಇಡೀ ದಂಡವನ್ನೇ ಹುಡುಕಬೇಕು.

ಹಲ್ಲುಗಳನ್ನು ಬ್ರಷ್ ಹಾಕಿ ಉಜ್ಜಿ, ಹೊಸ ಚಕ್ರವನ್ನು ಹಳೆಯ ಗುರುತಿಗೇ ಕೂರಿಸಿ, ನಟ್ಟು ಬಿಗಿದದ್ದಾಯಿತು. ಇಂಡಿಕೇಟರ್ ತಾನಾಗಿ ಹಿಂದೆ ಬರುತ್ತದೆಯೇ, ಹಾರ್ನ್ ಕೂಗುತ್ತದೆಯೇ ಎಂದೂ ನೋಡಿದರು. "ಈಗಿನ ಕಾರಿನಲ್ಲಿ ಇದನ್ನು ಮಾಡಲು ಹೋಗಬೇಡಿ ಅಣ್ಣಾ, ಚಕ್ರದೊಳಗೆ ಗಾಳಿಚೀಲ ಉಂಟು, ಎಡವಟ್ಟಾದರೆ ಸಿಡಿಯುತ್ತದೆ" ಎಂದರು ಮೆಕ್ಯಾನಿಕ್. "ಕಾರ್ಕಳ ಮುಟ್ಟಿದ ಮೇಲೆ ನಟ್ಟನ್ನು ಇನ್ನೊಮ್ಮೆ ನೋಡಿ" ಎಂದು ಸ್ಪಾನರನ್ನೂ ಕೊಟ್ಟರು.

ಪರ್ಕಳ, ಹಿರಿಯಡ್ಕ, ಬೈಲೂರು. ತಿರುವು ಮುಗಿದು ದಾರಿ ನೇರವಾದಾಗಲೆಲ್ಲ ಯಜಮಾನರ ಕಣ್ಣು ಚಕ್ರದ ಕಡ್ಡಿಗಳ ಮೇಲೆ. ಓರೆಯಿಲ್ಲ. ಕಾರ್ಕಳದ ಗುಡ್ಡದ ಮೇಲೆ 1432ರಿಂದ ನಿಂತ ಗೊಮ್ಮಟನನ್ನು 20 ಗಾಲಿಯ ಬಂಡಿಯಲ್ಲಿ ಎಳೆದು ತಂದರೆಂಬ ಹೇಳಿಕೆಯಿದೆ. ಆ ಭಾರ ಹತ್ತಿಸಿದವರಿಗೂ ಅವಸರ ನಡೆದಿರಲಾರದು.

ಗುಡ್ಡದ ಬುಡದಲ್ಲಿ ಕಾರು ನಿಲ್ಲಿಸಿ, ಹಾರ್ನ್ ಬಟನ್ ತೆಗೆದು, ಅವರು ಸ್ಪಾನರ್ ಹಾಕಿ ನೋಡಿದರು. ನಟ್ಟು ಕದಲಲಿಲ್ಲ. ಸೀಟಿನ ಕೆಳಗಿದ್ದ ಹಳೆಯ ಸೈಕಲ್ ಟ್ಯೂಬನ್ನು ತೆಗೆದು ಡಿಕ್ಕಿಗೆ ಹಾಕಿದರು.