ಇಂದ್ರಧನುಸ್ಸಿನ ಹೆಸರು ಹೊತ್ತ ವ್ಯಾಧಿ

ರೋಗವು ದೇಹದ ಕಾಂತಿಯನ್ನು ಕುಂದಿಸುವುದೆಂಬುದು ಲೋಕಾನುಭವ. ಕಾಂತಿಯೇ ರೋಗಲಕ್ಷಣವಾಗುವ ನಿದರ್ಶನವೂ ಸೃಷ್ಟಿಯಲ್ಲಿ ಇಲ್ಲದಿಲ್ಲ.

ಇಂಗ್ಲೆಂಡಿನಲ್ಲಿ ಹುಲ್ಲಿನ ಬೇರುಗಳನ್ನು ಮೇಯುತ್ತ ಮಣ್ಣಿನೊಳಗೆ ವಾಸಿಸುವ ಹುಳುವೊಂದುಂಟು. ನೀಳವಾದ ಕಾಲುಗಳುಳ್ಳ ಟಿಪ್ಯುಲವೆಂಬ ನೊಣದ ಮರಿಯದು. ಬಣ್ಣದಲ್ಲಿ ಮಣ್ಣಿಗೂ ಅದಕ್ಕೂ ಹೆಚ್ಚು ಭೇದವಿಲ್ಲ. ಇಂಥವುಗಳಲ್ಲಿ ಕೆಲವು ನೀಲಮಣಿಯಂತೆ ಹೊಳೆಯುವುದನ್ನು 1954ರಲ್ಲಿ ಜೆರೋಸ್ ಎಂಬ ವಿಜ್ಞಾನಿಯು ಲೋಕಕ್ಕೆ ತಿಳಿಸಿದನು. ಆ ಹೊಳಪು ಆಭರಣವಲ್ಲ, ಮರಣಚಿಹ್ನೆ. ಹುಳುವಿನ ಮೇದಸ್ಸಿನಲ್ಲಿ ವೈರಸ್ಸೆಂಬ ಅತಿಸೂಕ್ಷ್ಮ ಕಣಗಳು ಕಿಕ್ಕಿರಿದಿದ್ದುವು. ಒಣಗಿದ ದೇಹದ ತೂಕದಲ್ಲಿ ಸುಮಾರು ಕಾಲುಭಾಗ ಅವುಗಳದೇ ಆಗಬಲ್ಲುದು. ಪ್ರತ್ಯೇಕವಾಗಿ ನೋಡಿದರೆ ಕಣಕ್ಕೆ ವರ್ಣವಿಲ್ಲ. ಅಸಂಖ್ಯ ಕಣಗಳು ಸಮಾನಾಂತರದಲ್ಲಿ ಪಂಕ್ತಿಗಟ್ಟಿದಾಗ, ಅವುಗಳ ಮೇಲೆ ಬಿದ್ದ ಬೆಳಕೇ ಬಣ್ಣವಾಗಿ ಹಿಂದಿರುಗುತ್ತದೆ. ಗ್ರೀಕರಲ್ಲಿ ಇಂದ್ರಧನುಸ್ಸಿನ ಅಧಿದೇವತೆ ಐರಿಸ್. ಆಕೆಯ ಹೆಸರಿನಿಂದಲೇ ಈ ಕುಲಕ್ಕೆ ಇರಿಡೋವಿರಿಡೆ ಎಂದು ನಾಮಕರಣವಾಯಿತು. ಡಿಎನ್‌ಎ ಇವುಗಳ ಬೀಜದ್ರವ್ಯ.

ಮಿಲಿಮೀಟರಿನ ಹತ್ತು ಸಾವಿರದ ಒಂದಂಶಕ್ಕಿಂತ ತುಸು ದೊಡ್ಡದಾದ ಈ ಕಣದ ಆಕಾರವನ್ನು ತಿಳಿದ ಬಗೆಯೂ ರಮ್ಯವಾದುದು. ವಿಲಿಯಮ್ಸ್ ಮತ್ತು ಸ್ಮಿತ್ ಎಂಬವರು ಕಣದ ಮೇಲೆ ಎರಡು ದಿಕ್ಕುಗಳಿಂದ ಲೋಹದ ಆವಿಯನ್ನು ಹಾಯಿಸಿದರು. ಆವಿ ತಾಗದೆ ಉಳಿದ ಎಡೆಯೇ ನೆರಳು. ಒಂದು ನೆರಳು ನಾಲ್ಕಂಚಿನದಾಗಿ ಮೊನಚಾಗಿತ್ತು; ಇನ್ನೊಂದು ಐದಂಚಿನದಾಗಿ ಮೊಂಡಾಗಿತ್ತು. ಇಪ್ಪತ್ತು ತ್ರಿಕೋಣಮುಖಗಳ ಮಾದರಿಯೊಂದರ ಮೇಲೆ ಹಾಗೆಯೇ ಬೆಳಕು ಹಿಡಿದಾಗ ಬಿದ್ದ ನೆರಳುಗಳೂ ಅವೇ. 1958ರಲ್ಲಿ ಈ ನಿರ್ಣಯ ಪ್ರಕಟವಾಯಿತು. ಹೊಗೆಯಿಂದ ಬೆಂಕಿಯನ್ನು ಸಾಧಿಸುವ ನಮ್ಮ ತಾರ್ಕಿಕರು ಈ ಅನುಮಾನವನ್ನು ಕಂಡಿದ್ದರೆ ತಲೆದೂಗುತ್ತಿದ್ದರು.

ಆದರೆ ಕುಲವೆಲ್ಲ ಹೊಳೆಯುವುದಿಲ್ಲ. ಕಣಗಳು ವಿರಳವಾಗಿದ್ದರೆ ಹುಳುವಿನಲ್ಲಿಯೂ ಬಣ್ಣ ತೋರದು. ಇದೇ ಕುಲದ ಒಂದು ವೈರಸ್ಸು ಮೀನಿನ ಚರ್ಮದಲ್ಲಿ ನರವಲಿಯಂತಹ ಗಂಟುಗಳನ್ನು ಎಬ್ಬಿಸುತ್ತದೆ; ಅದು ಬಹುಮಟ್ಟಿಗೆ ತಾನಾಗಿಯೇ ಶಮನವಾಗುವುದು. ಕಪ್ಪೆಗಳನ್ನು ಹಿಡಿಯುವ ರಾಣಾವೈರಸ್ಸು ಅಷ್ಟು ಸೌಮ್ಯವಲ್ಲ. ಚರ್ಮ ಕೆಂಪೇರುತ್ತದೆ, ಹುಣ್ಣಾಗುತ್ತದೆ, ಒಳಗೆ ರಕ್ತ ಸೋರುತ್ತದೆ. ಇಂಗ್ಲೆಂಡಿನ ಮನೆಗಳ ಹಿತ್ತಲಕೊಳಗಳಲ್ಲಿ ಕಪ್ಪೆಗಳು ಗುಂಪುಗುಂಪಾಗಿ ಸತ್ತುದನ್ನು ಮೊದಲು ಕಂಡು ವಿದ್ವಾಂಸರಿಗೆ ತಿಳಿಸಿದವರಲ್ಲಿ ಸಾಮಾನ್ಯ ಗೃಹಸ್ಥರೇ ಬಹಳ ಮಂದಿ. ಅಂಥ ಕೊಳಗಳನ್ನು ವರ್ಷಗಳ ಬಳಿಕ ಮರಳಿ ವಿಚಾರಿಸಿ, 2010ರಲ್ಲಿ ಫಲಿತವನ್ನು ಪ್ರಕಟಿಸಿದರು: ರೋಗ ಮತ್ತೆಮತ್ತೆ ಮರುಕಳಿಸಿದ ಕೊಳಗಳಲ್ಲಿ ಬೆಳೆದ ಕಪ್ಪೆಗಳ ಸಂಖ್ಯೆ ನಡುಲೆಕ್ಕದಲ್ಲಿ ನೂರಕ್ಕೆ 81ರಷ್ಟು ಇಳಿದಿತ್ತು.

ನೀಲಿಯಾಗಿ ಹೊಳೆದ ಹುಳುವನ್ನು ಯಾರೂ ನೋಡದೆ ಬಿಡುವುದಿಲ್ಲ. ಕೊಳದಂಚಿನಲ್ಲಿ ಸತ್ತುಬಿದ್ದ ಕಪ್ಪೆಯನ್ನಾದರೋ ಕಾಲಿನಿಂದ ಸರಿಸಿ ನಡೆದುಬಿಡುವುದೇ ಸಹಜ. ಆ ಗೃಹಸ್ಥರು ಹಾಗೆ ನಡೆದುಬಿಡದೆ ಬಾಗಿ ನೋಡಿದರು, ಎಣಿಸಿದರು. ಅಷ್ಟರಿಂದ ಕಪ್ಪೆಗಳು ಉಳಿದುವೆಂದಲ್ಲ. ಅವು ಯಾವುದರಿಂದ ಸತ್ತುವೆಂಬುದನ್ನು ಹುಡುಕಲು ದಾರಿಯಾಯಿತು.