ಒರೆಗಲ್ಲಿಗೇ ಒರೆ

ಚಿನ್ನದ ಗುಣವನ್ನು ಒರೆಗಲ್ಲು ತಿಳಿಸುತ್ತದೆ. ಒರೆಗಲ್ಲಿನ ಗುಣವನ್ನು ತಿಳಿಸುವುದು ಯಾವುದು? ಪರೀಕ್ಷೆಗಳ ವಿಷಯದಲ್ಲಿ ಈ ಪ್ರಶ್ನೆಯನ್ನು ಗಂಭೀರವಾಗಿ ಕೇಳಿದವರಲ್ಲಿ ಸರ್ ಫಿಲಿಪ್ ಹಾರ್ಟಾಗ್ ಒಬ್ಬರು. ಢಾಕಾ ವಿಶ್ವವಿದ್ಯಾಲಯದ ಮೊದಲ ಕುಲಪತಿಗಳಾಗಿದ್ದ ಅವರು, ಭಾರತದ ಶಿಕ್ಷಣಸ್ಥಿತಿಯನ್ನು ಕುರಿತು 1929ರಲ್ಲಿ ವರದಿ ಸಲ್ಲಿಸಿದ ಸಮಿತಿಗೂ ಅಧ್ಯಕ್ಷರಾಗಿದ್ದರು. ಇಂಗ್ಲೆಂಡಿಗೆ ಮರಳಿದ ಮೇಲೆ ಇ. ಸಿ. ರೋಡ್ಸ್ ಅವರೊಡಗೂಡಿ 1935ರಲ್ಲಿ ‘ಪರೀಕ್ಷೆಗಳ ಪರೀಕ್ಷೆ’ ಎಂಬರ್ಥದ ಹೆಸರುಳ್ಳ ಕಿರುಹೊತ್ತಗೆಯೊಂದನ್ನು ಪ್ರಕಟಿಸಿದರು.

ಅದರಲ್ಲಿನ ಒಂದು ಪ್ರಯೋಗ ಶಾಲಾ ಪರೀಕ್ಷೆಯ ಇತಿಹಾಸ ವಿಷಯಕ್ಕೆ ಸಂಬಂಧಿಸಿದುದು. ಮೊದಲ ಮೌಲ್ಯಮಾಪನದಲ್ಲಿ ಒಂದೇ ಸಮನಾದ ಅಂಕ ಪಡೆದಿದ್ದ 15 ಉತ್ತರಪತ್ರಿಕೆಗಳನ್ನು 15 ಮಂದಿ ಪರೀಕ್ಷಕರ ಮುಂದಿಡಲಾಯಿತು. ಅವರೆಲ್ಲರೂ ಸೇರಿ ನೀಡಿದ ಅಂಕಗಳಲ್ಲಿ 40ಕ್ಕೂ ಹೆಚ್ಚು ಬಗೆಗಳಿದ್ದವು! ವರ್ಷಕ್ಕೂ ಮೀರಿದ ಅಂತರದ ಬಳಿಕ ಅವರಲ್ಲಿ 14 ಮಂದಿ ಅವೇ ಪತ್ರಿಕೆಗಳನ್ನು ಮತ್ತೆ ತಿದ್ದಿದರು. ಒಟ್ಟು 210 ತೀರ್ಪುಗಳಲ್ಲಿ 92 ಬದಲಾದವು. ಎಂದರೆ ಮೊದಲು ಉತ್ತೀರ್ಣನೆಂದವನನ್ನು ಅನುತ್ತೀರ್ಣನೆಂದೋ, ಅನುತ್ತೀರ್ಣನನ್ನು ಉತ್ತೀರ್ಣನೆಂದೋ, ಒಂದು ಶ್ರೇಣಿಯವನನ್ನು ಮತ್ತೊಂದರವನೆಂದೋ ಅದೇ ಪರೀಕ್ಷಕರು ಸಾರಿದ್ದರು.

ಇದರಲ್ಲಿ ಯಾರ ಅಪ್ರಾಮಾಣಿಕತೆಯೂ ಇರಲಿಲ್ಲ. ಪರೀಕ್ಷಕನ ಮನಸ್ಸಿನಲ್ಲಿರುವ ‘ಮಟ್ಟ’ವೆಂಬುದು ಅಂಗಡಿಯ ತೂಕದ ಕಲ್ಲಿನಂತೆ ಸ್ಥಿರವಾದುದಲ್ಲ. ನಾಲ್ಕು ದುರ್ಬಲ ಉತ್ತರಗಳ ನಂತರ ಬಂದ ಸಾಧಾರಣ ಪ್ರಬಂಧ ಮಿನುಗುತ್ತದೆ. ಅದೇ ಪ್ರಬಂಧ ಪ್ರತಿಭಾವಂತನೊಬ್ಬನ ಬರಹದ ಬೆನ್ನಿಗೆ ಬಂದರೆ ಮಂಕಾಗುತ್ತದೆ. ಮಾದರಿ ಉತ್ತರಗಳೂ ಮುಖ್ಯ ಪರೀಕ್ಷಕರ ಮರುಪರಿಶೀಲನೆಯೂ ಈ ತೊನೆದಾಟವನ್ನು ತಗ್ಗಿಸುತ್ತವೆ, ನಿಲ್ಲಿಸಲಾರವು. ಇಸವಿಯನ್ನೂ ವ್ಯಾಕರಣವನ್ನೂ ಪಟ್ಟಿಮಾಡಬಹುದು. ವಿಚಾರದ ಸತ್ತ್ವವನ್ನು ಪಟ್ಟಿಮಾಡುವುದು ಹೇಗೆ?

ಅಮೆರಿಕದ ಮನಶ್ಶಾಸ್ತ್ರಜ್ಞ ಎಲ್. ಎಲ್. ಥರ್ಸ್ಟನ್ 1927ರಲ್ಲಿ ತೌಲನಿಕ ನಿರ್ಣಯದ ನಿಯಮವನ್ನು ಮಂಡಿಸಿದರು. ಎರಡು ಬರಹಗಳನ್ನು ಅಕ್ಕಪಕ್ಕ ಇರಿಸಿ ‘ಇವೆರಡರಲ್ಲಿ ಉತ್ತಮವಾವುದು?’ ಎಂದು ಕೇಳಿ, ಅಂಥ ಅನೇಕ ನಿರ್ಣಯಗಳಿಂದ ಶ್ರೇಣಿಯನ್ನು ಕಟ್ಟುವ ಇಂದಿನ ವಿಧಾನಕ್ಕೆ ಅದೇ ಮೂಲ. ಒಂಟಿ ಬರಹಕ್ಕೆ ಅಂಕ ಕಟ್ಟುವುದಕ್ಕಿಂತ ಹೋಲಿಸಿ ಹೇಳುವುದು ಮನುಷ್ಯನಿಗೆ ಸುಲಭವೆಂಬುದು ಅದರ ಆಧಾರ.

ಕನ್ನಡ ಪ್ರಬಂಧಗಳ ಕಟ್ಟನ್ನು ಬಿಚ್ಚಿ ಕುಳಿತ ಪರೀಕ್ಷಕನಿಗೆ ಅಷ್ಟು ವ್ಯವಧಾನವಿರದು. ಆದರೂ ಕಟ್ಟು ಮುಗಿದ ಮೇಲೆ ಮೊದಲು ತಿದ್ದಿದ ಎರಡು ಮೂರು ಪತ್ರಿಕೆಗಳನ್ನು, ಉತ್ತೀರ್ಣದ ಗೆರೆಗೆ ಒಂದೆರಡು ಅಂಕ ಈಚೆ ಉಳಿದವನ್ನು, ಮತ್ತೊಮ್ಮೆ ತೆರೆದು ನೋಡುವುದು ಅವನ ಕೈಯಲ್ಲಿದೆ. ಅವನಿಗೆ ಅದು ಹತ್ತು ನಿಮಿಷದ ಕೆಲಸ; ಆಚೆ ಬದಿಯ ಮಗುವಿಗೆ ಒಂದು ವರ್ಷ.